ಲೆನ್ಸಿಗೆ ಅಡ್ಡ ಹಿಡಿದ ಕೈ

ನಾನು ಕುಂದಾಪುರದಲ್ಲಿ ಮದುವೆ ವಿಡಿಯೋ ಮಾಡುವವನು. ನನ್ನ ಗುರು ಮಾತ್ರ ಹಾಲಿವುಡ್ಡಿನವನು. ನಗಬೇಡಿ. ಕುದುರೆ, ಕೋವಿ, ಧೂಳಿನ ಸಿನಿಮಾಗಳನ್ನೇ ಜೀವಮಾನವಿಡೀ ತೆಗೆದ ಹಳೇ ನಿರ್ದೇಶಕ. ಮೂಕಿ ಚಿತ್ರಗಳ ಕಾಲದಲ್ಲಿ ಶುರು ಮಾಡಿ ಬಣ್ಣದ ಕಾಲದವರೆಗೂ ಕುರ್ಚಿ ಬಿಡದ ಮಹಾ ಸಿಡುಕ. ಹರೆಯದಲ್ಲಿ ಲೈಬ್ರರಿಯ ಹರಿದ ಪತ್ರಿಕೆಯೊಂದರಲ್ಲಿ ಅವನ ವಿಷಯ ಓದಿದ್ದೆ. ಬೇಕಾದಷ್ಟೇ ತೆಗೆಯುತ್ತಿದ್ದನಂತೆ, ಅದೂ ಒಂದೇ ಸಲ. ಶಾಟ್ ಮುಗಿದ ಕೂಡಲೇ ಲೆನ್ಸಿಗೆ ಅಂಗೈ ಅಡ್ಡ ಹಿಡಿಯುತ್ತಿದ್ದನಂತೆ. ನಿರ್ಮಾಪಕರು ಆಮೇಲೆ ತಮಗೆ ಬೇಕಾದ ಹಾಗೆ ಕತ್ತರಿಸಿ ಅಂಟಿಸಲು ಒಂದು ತುಂಡೂ ಹೆಚ್ಚು ಸಿಗಬಾರದು, ಅಷ್ಟೆ.

ಆ ಚಟ ನನಗೂ ಹತ್ತಿತು. ನನ್ನ ವಿಡಿಯೋ ಎಡಿಟ್ ಮಾಡುವುದು ನನ್ನ ಭಾವ. ಚೂರು ಹೆಚ್ಚು ಸಿಕ್ಕಿದರೆ ಸಾಕು, ಸ್ಲೋ ಮೋಷನ್ನು, ಮೇಲಿಂದ ಗುಲಾಬಿ ದಳ, ಹಿಂದೆ ಒಂದು ಹಾಡು. ನನಗೆ ಮೈ ಉರಿಯುತ್ತದೆ. ಹಾಗಾಗಿ ನಾನೂ ಅಂಗೈ ಹಿಡಿಯುವುದು ಕಲಿತೆ.

ಹೋದ ವರ್ಷ ತಲ್ಲೂರಿನ ಹತ್ತಿರ ಒಂದು ಮದುವೆ. ಹುಡುಗಿಯ ತಂದೆಯನ್ನು ಆಸ್ಪತ್ರೆಯಿಂದ ಎರಡು ಗಂಟೆಯ ಮಟ್ಟಿಗೆ ಕರೆತಂದಿದ್ದರು. ಅವರು ಹೆಚ್ಚು ದಿನ ಉಳಿಯುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ದಿಬ್ಬಣ ಬರುವ ಮೊದಲೇ ಹುಡುಗಿ ನನ್ನನ್ನು ಬದಿಗೆ ಕರೆದಳು.

"ಅಣ್ಣ, ಬೇರೆ ಎಂತ ಬಿಟ್ರೂ ಅಡ್ಡಿಲ್ಲ. ಅಪ್ಪಯ್ಯ ಧಾರೆ ಎರುದ್ ಮಾತ್ರ ತಪ್ಪುಕಾಗ."

ಸರಿ ಎಂದೆ. ಮಂತ್ರ ಚೆನ್ನಾಗಿ ಕೇಳಲೆಂದು ವರನ ಶಾಲಿಗೆ ಸಣ್ಣ ಮೈಕು ಸಿಕ್ಕಿಸಿದೆ.

ಮುಹೂರ್ತ ಹತ್ತಿರವಾಯಿತು. ತಂದೆಯನ್ನು ಗಾಲಿಕುರ್ಚಿಯಲ್ಲಿ ಮಂಟಪದವರೆಗೆ ತಂದು, ಇಬ್ಬರು ಹಿಡಿದು ನಿಲ್ಲಿಸಿದರು. ಉಸಿರು ಹಗ್ಗ ಎಳೆದ ಹಾಗೆ ಬರುತ್ತಿತ್ತು. ಕೈಗೆ ಗಿಂಡಿ ಕೊಟ್ಟರು. ಗಿಂಡಿ ನಡುಗುತ್ತಿತ್ತು. ಅಷ್ಟರಲ್ಲಿ ಯಾರೋ ಪುಣ್ಯಾತ್ಮ ಮೊಬೈಲು ಎತ್ತಿಕೊಂಡು ನನ್ನೆದುರು ಬಂದು ನಿಂತ. ಭುಜ ಹಿಡಿದು ಆಚೆ ದೂಡಿದೆ. ಬೈದಿರಬೇಕು, ನನಗೆ ಕೇಳಲಿಲ್ಲ. ತಾಯಿ ಗಿಂಡಿಯ ಅಡಿಗೆ ಕೈ ಕೊಟ್ಟರು. ವಾಲಗ ಜೋರಾಯಿತು. ನೀರು ಒಮ್ಮೆ ತಪ್ಪಿ ಹುಡುಗಿಯ ಮಡಿಲಿಗೆ ಬಿದ್ದು ಸೀರೆ ಒದ್ದೆಯಾಯಿತು, ಆಮೇಲೆ ಸರಿಯಾಗಿ ಕೂಡಿಸಿದ ಕೈಗಳ ಮೇಲೆ ಇಳಿಯಿತು. ಸಿಕ್ಕಿತು. ಕೊನೆಯ ಹನಿ ಬಿದ್ದದ್ದೇ ಲೆನ್ಸಿಗೆ ಅಂಗೈ ಹಿಡಿದೆ. ಆಗಲೇ ಹಿಂದಿನಿಂದ ಜನ ನುಗ್ಗಿತು. ರೆಕಾರ್ಡಿಂಗ್ ನಿಲ್ಲಿಸುವ ಬಟನ್ ಒತ್ತುವುದೂ ಮರೆತು, ಆ ಕೈ ತೆಗೆಯದೆ, ಕ್ಯಾಮೆರಾ ಎದೆಗೆ ಅವಚಿಕೊಂಡು ನಿಂತೆ.

ಆ ವಾರವೇ ಅವರು ಹೋದರು. ಬೊಜ್ಜ, ಉತ್ತರಕ್ರಿಯೆಯೆಲ್ಲ ಮುಗಿದ ಮೇಲೆ ಹುಡುಗಿ ಗಂಡನ ಜೊತೆ ಅಂಗಡಿಗೆ ಬಂದಳು.

"ಧಾರೆ ಆದ್ಮೇಲೆ ಅಪ್ಪಯ್ಯ ಬಗ್ಗಿ ನಂಗೆ ಎಂತದೋ ಹೇಳ್ರ್. ವಾಲಗದ ಶಬ್ದಕ್ಕೆ ಗೊತ್ತಾಯ್ಲಿಲ್ಲ. ನಿಮ್ ವಿಡಿಯೋದಗೆ ಇತ್ತಾ ಅಣ್ಣ?"

ನಾನು ಲೆನ್ಸು ಮುಚ್ಚಿದ್ದು ಅದೇ ಹೊತ್ತಿಗೆ. ನನ್ನ ಗುರುವಿಗೇನು, ಅವನ ನಟರು ಕರೆದರೆ ಮರುದಿನ ಮತ್ತೆ ಬಂದು ನಿಲ್ಲುತ್ತಿದ್ದರು. ಇವರನ್ನು ಎಲ್ಲಿಂದ ಕರೆಯಲಿ? ನನ್ನ ಕೈ ಮುರಿದುಹೋಗಬಾರದಿತ್ತೇ ಅನ್ನಿಸಿತು. ಅವಳ ಮುಖ ನೋಡದೆ ಕಂಪ್ಯೂಟರ್ ತೆರೆದೆ. ಧಾರೆ ಬಂತು, ಕೊನೆಯ ಹನಿ ಬಂತು, ಪರದೆ ಕಪ್ಪಾಯಿತು. ಆದರೆ ಕೆಳಗೆ ಸಮಯದ ಅಂಕೆ ಓಡುತ್ತಲೇ ಇತ್ತು. ಬಟನ್ ಒತ್ತಿರಲಿಲ್ಲವಲ್ಲ! ವರನ ಮೈಕಿನ ಶಬ್ದ ಏರಿಸಿ, ಅವಳ ಕಿವಿಗೆ ಹೆಡ್‌ಫೋನ್ ಕೊಟ್ಟು, ಒಂದು ಬದಿಗೆ ನನ್ನ ಕಿವಿ ತಾಗಿಸಿದೆ. ವಾಲಗ, ಗದ್ದಲ, ಎಳೆದೆಳೆದು ಬರುವ ಉಸಿರು. ಆಮೇಲೆ ಸಣ್ಣ ದನಿ.

"ಸೀರಿ ಚಂಡಿ ಆಯ್ತಲೆ ಹೆಣೆ. ಚಳಿ ಆತ್ತಾ?"

ಅವಳು ಕಣ್ಣು ಮುಚ್ಚಿದಳು. "ಇಲ್ಲ ಅಪ್ಪಯ್ಯ" ಎಂದು ಮೆಲ್ಲಗೆ ಹೇಳಿ, ಇನ್ನೊಮ್ಮೆ ಹಾಕಲು ಸನ್ನೆ ಮಾಡಿದಳು. ಮೂರು ಸಲ ಕೇಳಿದಳು.

ಕಪ್ಪು ಜಾಗಕ್ಕೆ ಅವರ ಫೋಟೋ ಹಾಕಿಸಿಕೊಡಲೇ ಎಂದು ಕೇಳಿದೆ.

"ಬ್ಯಾಡ ಅಣ್ಣ," ಎಂದಳು. "ಕಪ್ಪೇ ಇರ್ಲಿ. ಅದ್ರ್ ಮೇಲೆ ಎಂತದೂ ಹಾಕುಕಾಗ."