ಹಿಮಬೆಟ್ಟದ ಗಲ್ಲಾದಲ್ಲಿ ಯಾರಿದ್ದಾರೆ?

ಹಿಮದ ವಿಷಯದಲ್ಲಿ ಟೆಕ್ಸಸ್ಸಿನ ನಮ್ಮ ಕನ್ನಡಿಗರಿಗೆಲ್ಲ ಡಲ್ಲಾಸ್ ಪಕ್ಕದ ರಿಚರ್ಡ್‌ಸನ್ನಿನ ಬದರಿನಾಥನದೇ ಕೊನೆಯ ಮಾತು. ಟೆಕ್ಸಸ್ಸಿನಲ್ಲಿ ಹಿಮ ಎಲ್ಲಿದೆ ಎಂದು ನೀವು ಕೇಳಬಹುದು. ಇಲ್ಲದ್ದರಿಂದಲೇ ಅವನ ಮಾತು ನಡೆಯುತ್ತಿತ್ತು.

ಡಲ್ಲಾಸಿನ ಸುತ್ತಮುತ್ತ ಎತ್ತರದ ಜಾಗವೆಂದರೆ ಹೆದ್ದಾರಿಯ ಫ್ಲೈಓವರ್. ಅದರ ಮೇಲೆ ನಿಂತರೆ ನಾಳಿದ್ದು ನಮ್ಮ ಮನೆಗೆ ಬರಬೇಕಾದ ನೆಂಟರು ಇವತ್ತು ಹೊರಟಿದ್ದಾರೋ ಇಲ್ಲವೋ ಕಾಣುತ್ತದೆ, ನೆಲ ಅಷ್ಟು ಚಪ್ಪಟೆ. ಆಗಸ್ಟ್ ತಿಂಗಳಲ್ಲಿ ನಮಗಿಂತ ಮೊದಲು ನಮ್ಮ ನೆರಳು ಕಾರಿನೊಳಗೆ ನುಗ್ಗಿ ಎ.ಸಿ. ಮುಂದೆ ಕೂರುತ್ತದೆ. ಇಂಥ ಊರಿನಲ್ಲಿ ಕೂತು ಬದರಿನಾಥ ಪ್ರತಿವರ್ಷ ಅಕ್ಟೋಬರಿನಿಂದ, ಕಾಲಿಗೆ ಪಟ್ಟಿ ಕಟ್ಟಿ ಹಿಮದ ಮೇಲೆ ಜಾರುವ ಸ್ಕೀ ಬೆಟ್ಟಗಳಿಗೆ ಅಂಕ ಕೊಡುತ್ತಿದ್ದ. ಹ್ಯೂಸ್ಟನ್ನಿನಿಂದ ಸಂಸಾರಸ್ಥರು, ಆಸ್ಟಿನ್ನಿನಿಂದ ವಿದ್ಯಾರ್ಥಿಗಳು ಫೋನ್ ಮಾಡುತ್ತಿದ್ದರು.

"ಬದರಿ ಅಂಕಲ್, ಡಿಸೆಂಬರ್‌ಗೆ ನ್ಯೂ ಮೆಕ್ಸಿಕೋಗೆ ಹೋಗೋದಾ, ಕೊಲರಾಡೋಗಾ?"

"ಅದು ಆಮೇಲೆ. ಗಲ್ಲಾದಲ್ಲಿ ಯಾರು ಕೂತಿದಾರೆ, ವಿಚಾರಿಸಿದ್ರಾ?"

ಈ ಪ್ರಶ್ನೆ ಮೈಸೂರಿನಿಂದ ಅವನ ಜೊತೆಗೇ ವಿಮಾನ ಹತ್ತಿ ಬಂದದ್ದು. ಇಂಜಿನಿಯರಿಂಗ್ ಓದುವಾಗ ಐದು ವರ್ಷ ಅವನು ಒಂದೇ ಹೋಟೆಲಿನಲ್ಲಿ ಊಟ ಮಾಡಿದ. ಮಾಲೀಕರು ಬೆಳಗಿನಿಂದ ಗಲ್ಲಾದ ಮೇಲೆ ಕೂತು, ಅಡುಗೆಮನೆಯ ಬಾಗಿಲ ಮೇಲೆ ಒಂದು ಕಣ್ಣು, ಗಿರಾಕಿಯ ತಟ್ಟೆಯ ಮೇಲೆ ಇನ್ನೊಂದು ಕಣ್ಣು ಇಟ್ಟಿರುತ್ತಿದ್ದರು. ಒಂದು ಸಲ ಅವರು ತಂಗಿಯ ಮಗಳ ಮದುವೆಗೆಂದು ವಾರ ರಜೆ ಹಾಕಿದರು. ಆ ವಾರದ ಸಾಂಬಾರಿನ ಮೂಲಕ, ಬಟ್ಟಲಿನ ತಳದಲ್ಲಿ ಕೊರೆದಿದ್ದ ಹೋಟೆಲಿನ ಹೆಸರನ್ನು ಬದರಿನಾಥ ಕನ್ನಡಕವಿಲ್ಲದೆ ಓದಿದ. ಪ್ರಪಂಚದಲ್ಲಿ ಯಾವ ವ್ಯಾಪಾರವಾದರೂ ಮಾಲೀಕ ಎದುರಿಗೆ ಕೂತಿದ್ದರೆ ಮಾತ್ರ ನೆಟ್ಟಗಿರುತ್ತದೆ ಎಂದು ಅಂದೇ ತೀರ್ಮಾನಿಸಿದ. ಮುಂದೆ ಓದಿದ್ದನ್ನೆಲ್ಲ ಮರೆತ, ಇದನ್ನು ಮರೆಯಲಿಲ್ಲ.

ರಿಚರ್ಡ್‌ಸನ್ನಿನ ಒಂದು ಟೆಲಿಕಾಂ ಕಂಪನಿಯಲ್ಲಿ ಅವನದು ಟೆಸ್ಟಿಂಗ್ ಕೆಲಸ. 2001ರಲ್ಲಿ ಅಲ್ಲಿನ ಕಂಪನಿಗಳು ಜನರನ್ನು ರಾಶಿ ರಾಶಿಯಾಗಿ ಮನೆಗೆ ಕಳಿಸಿದವು. ಬದರಿನಾಥನ ಲ್ಯಾಬು ನೆಲಮಾಳಿಗೆಯ ಎಂಥ ಮೂಲೆಯಲ್ಲಿತ್ತೆಂದರೆ, ಅವನನ್ನು ಕೆಲಸದಿಂದ ತೆಗೆಯಲು ಹೊರಟ ಇಬ್ಬರು ಅಧಿಕಾರಿಗಳು ದಾರಿ ತಪ್ಪಿ, ಅವರು ತಿರುಗಿ ಬರುವಷ್ಟರಲ್ಲಿ ಅವರ ಕೆಲಸವೇ ಹೋಗಿತ್ತು. ಹಾಗಾಗಿ ಇವನದು ಉಳಿಯಿತು.

ಆ ಲ್ಯಾಬಿನ ಶಿಸ್ತಿನಿಂದಲೇ ಸ್ಕೀ ಬೆಟ್ಟಗಳ ಕೋಷ್ಟಕ ತಯಾರಾದದ್ದು. ಕಂಪ್ಯೂಟರಿನಲ್ಲಿ ಇಪ್ಪತ್ತಾರು ಬೆಟ್ಟ, ಮೂರು ಅಂಕಣ. ಮೊದಲನೆಯದು ಹಿಮದ ಗುಣ. ಅದನ್ನು ಅವನು ಚಿಟಿಕೆಯಲ್ಲಿ ಹಿಡಿದು ಬೆರಳು ಉಜ್ಜಿ ನೋಡುತ್ತಿದ್ದ, ತಾನು ಹೋಗದ ಬೆಟ್ಟದ್ದನ್ನು ಹೋದವರಿಂದ ಉಜ್ಜಿಸಿ ಫೋನಿನಲ್ಲಿ ಕೇಳುತ್ತಿದ್ದ: ಚಿರೋಟಿ ರವೆ, ಬನ್ಸಿ ರವೆ, ಇಡ್ಲಿ ರವೆ, ಕಲ್ಲುಪ್ಪು, ಹೀಗೆ ಇಳಿಯುವ ದರ್ಜೆ. ಎರಡನೆಯದು ಮಾಲೀಕ. ಮೂರನೆಯದು ಕೊಟ್ಟ ದುಡ್ಡಿಗೆ ಸಿಕ್ಕಿದ್ದು. ಬೇರೆಯವರು ಇದನ್ನು ಎಷ್ಟು ಸಲ ಜಾರಿದೆವು ಎಂದು ಲೆಕ್ಕ ಹಾಕುತ್ತಾರೆ. ಬದರಿನಾಥ ಎಷ್ಟು ಸಲ ಬಿದ್ದೆವು ಎಂದು ಹಾಕುತ್ತಿದ್ದ. 1998ರಲ್ಲಿ ಅವನು ಮೊದಲ ಮತ್ತು ಕೊನೆಯ ಸಲ ಸ್ಕೀ ಕಟ್ಟಿದಾಗ ಬೀಳಲು ಶುರುಮಾಡಿದವನು ತಳ ಮುಟ್ಟುವಷ್ಟರಲ್ಲಿ, ದಾರಿಯಲ್ಲಿ ಸಿಕ್ಕ ಮೂವರಿಗೆ ಹಲೋ ಹೇಳಿ, ಒಬ್ಬರ ಊರು ಕೇಳಿ ಬಂದಿದ್ದ. ಅಂಥವನಿಗೆ ದೊಡ್ಡ ಬೆಟ್ಟದ ಟಿಕೆಟ್ಟಿನಲ್ಲಿ ಒಂದು ಸಲ ಬೀಳಲು ಎರಡು ಡಾಲರ್ ತಗಲುತ್ತಿತ್ತು. ಚಿಕ್ಕ ಬೆಟ್ಟದಲ್ಲಿ ನಲವತ್ತು ಸೆಂಟ್.

ಮೂರೂ ಅಂಕಣ ಕೂಡಿಸಿದಾಗ ಪ್ರತಿವರ್ಷ ಗೆಲ್ಲುತ್ತಿದ್ದದ್ದು ನ್ಯೂ ಮೆಕ್ಸಿಕೋದ ಮ್ಯೂಲ್ ಹಿಲ್. ಅದರ ಮಾಲೀಕ ಗಿಲ್ಬರ್ಟ್ ಎಂಬ ಮುದುಕ. ಕಿಟಕಿಯಲ್ಲಿ ಕೂತು ಟಿಕೆಟ್ ಹರಿಯುತ್ತಿದ್ದ, ಹಿಂಬಾಗಿಲಿನಿಂದ ಓಡಿ ಟೋಪಿ ಬದಲಿಸಿ ಜನರನ್ನು ಬೆಟ್ಟದ ತುದಿಗೆ ಒಯ್ಯುವ ಲಿಫ್ಟ್ ನಡೆಸುತ್ತಿದ್ದ, ಮಧ್ಯಾಹ್ನ ಮೂರನೇ ಟೋಪಿ ಹಾಕಿ ಸೂಪ್ ಬಡಿಸುತ್ತಿದ್ದ. ಬೆಟ್ಟಕ್ಕೆ ನಾಲ್ಕು ಇಳಿಜಾರು. ಎರಡರಲ್ಲಿ ಹಿಮ, ಒಂದರಲ್ಲಿ ಹಿಮದ ನಿರೀಕ್ಷೆ, ಒಂದರಲ್ಲಿ ದನ. ಹಿಮದ ದರ್ಜೆ ಕಲ್ಲುಪ್ಪು. ಆದರೆ ಮಾಲೀಕನ ಅಂಕಣದಲ್ಲಿ ನೂರಕ್ಕೆ ನೂರಿಪ್ಪತ್ತು.

ಬದರಿನಾಥನ ಮಗಳು ಪ್ರಗತಿ ಸ್ಕೀ ಕಲಿತದ್ದು ಆ ಕಲ್ಲುಪ್ಪಿನ ಮೇಲೆ. ಪ್ರತಿ ಡಿಸೆಂಬರಿನಲ್ಲಿ ಹತ್ತು ಗಂಟೆಯ ದಾರಿ. ಹೆಂಡತಿ ಶಕುಂತಲಾ ಹಿಂದಿನ ಸೀಟಿನಲ್ಲಿ ಪುಳಿಯೋಗರೆ ಡಬ್ಬದ ಕಾವಲು, ಪ್ರಗತಿ ಮುಂದಿನ ಸೀಟಿನಲ್ಲಿ ಭೂಪಟ ಹಿಡಿದು "ಅಪ್ಪ, ನೆಕ್ಸ್ಟ್ ಎಕ್ಸಿಟ್" ಎನ್ನುವವಳು. ವರ್ಷದ ಉಳಿದ ಮುನ್ನೂರ ಅರವತ್ತು ದಿನ ಅಪ್ಪ ಮಗಳ ನಡುವೆ ನಡೆಯುತ್ತಿದ್ದ ಮಾತು ಒಂದು ಪೋಸ್ಟ್ ಕಾರ್ಡಿನಲ್ಲಿ ಹಿಡಿಸಿ ವಿಳಾಸಕ್ಕೂ ಜಾಗ ಉಳಿಯುತ್ತಿತ್ತು. ಹಾಗಾಗಿ ಆ ಪ್ರಯಾಣವೇ ಬದರಿನಾಥನಿಗೆ ಸಂಕ್ರಾಂತಿ, ಯುಗಾದಿ, ದೀಪಾವಳಿ ಎಲ್ಲ.

2003ರಲ್ಲಿ ಪ್ರಗತಿಗೆ ಹದಿನೇಳು. ಮುಂದಿನ ವರ್ಷ ಆಸ್ಟಿನ್ನಿಗೆ ಕಾಲೇಜಿಗೆ ಹೋಗುವವಳು. ಅಕ್ಟೋಬರಿನಲ್ಲೇ ಅವಳು ಅಪ್ಪನಿಗೆ ಹೇಳಿಬಿಟ್ಟಳು.

"ಅಪ್ಪ, ಐ ಆಮ್ ನಾಟ್ ಕಮಿಂಗ್ ಟು ಮ್ಯೂಲ್ ಹಿಲ್. ಲಕ್ಷ್ಮೀನಾರಾಯಣ ಅಂಕಲ್ ಜೊತೆ ಸಿಲ್ವರ್ ಲ್ಯಾಂಟರ್ನ್‌ಗೆ ಹೋಗ್ತೀನಿ. ತೃಪ್ತಿ ಕರೆದಿದಾಳೆ."

ಲಕ್ಷ್ಮೀನಾರಾಯಣ ಹ್ಯೂಸ್ಟನ್ ಪಕ್ಕದ ಮಿಸೌರಿ ಸಿಟಿಯವನು, ಬದರಿನಾಥನ ಕಾಲೇಜಿನ ಗೆಳೆಯ. ತೃಪ್ತಿ ಅವನ ಮಗಳು. ಸಿಲ್ವರ್ ಲ್ಯಾಂಟರ್ನ್ ಕೊಲರಾಡೋದ ಬೆಟ್ಟ: ಇಪ್ಪತ್ತೆರಡು ಲಿಫ್ಟ್, ಚಿರೋಟಿ ರವೆಯಂಥ ಹಿಮ. ಮಾಲೀಕನ ಅಂಕಣದಲ್ಲಿ ಬದರಿನಾಥ ಅದಕ್ಕೆ ಸೊನ್ನೆ ಹಾಕಿದ್ದ. ಅದು ಯಾವುದೋ ಕಂಪನಿಯ ಕೈಯಲ್ಲಿತ್ತು.

"ಅಲ್ಲಿ ಹೇಳೋರು ಕೇಳೋರು ಯಾರೂ ಇಲ್ಲ ಪುಟ್ಟ. ಗಲ್ಲಾ ಖಾಲಿ."

"ಅಪ್ಪ, ಅಲ್ಲಿ ದನ ಇಲ್ಲ," ಎಂದಳು ಪ್ರಗತಿ.

ಲಕ್ಷ್ಮೀನಾರಾಯಣ ಅದೇ ಸಂಜೆ ಫೋನ್ ಮಾಡಿ ಗಾಯಕ್ಕೆ ಉಪ್ಪು ಸವರಿದ. "ಲೋ ಬದರಿ, ನೀನು ಹೋಗೋದು ಸ್ಕೀ ಮಾಡಕ್ಕೋ, ಮಸಾಲೆ ದೋಸೆ ತಿನ್ನಕ್ಕೋ?"

"ಗಲ್ಲಾ ಎರಡಕ್ಕೂ ಒಂದೇ ಕಣೋ."

"ಮಗೂನ ಕಳಿಸು. ಚೆನ್ನಾಗಿ ನೋಡ್ಕೋತೀನಿ."

ಬದರಿನಾಥ ಫೋನ್ ಇಟ್ಟ. ಮುಂದಿನ ಸೀಟು ಖಾಲಿಯಾಗಿ ನ್ಯೂ ಮೆಕ್ಸಿಕೋಗೆ ಹೋಗುವುದು ಅವನ ಕಣ್ಣಿಗೆ ಬಂತು. ಹಾಗೆಂದು ಸೊನ್ನೆ ಹಾಕಿದ ಜಾಗಕ್ಕೆ ತಾನೇ ಹೋಗುವುದೂ ಆಗದು. ಮೂವತ್ತು ಸಂಸಾರಗಳು ಆ ಕೋಷ್ಟಕವನ್ನು ನಂಬಿದ್ದವು. ಉಳಿದದ್ದು ಒಂದೇ ದಾರಿ. ಸಿಲ್ವರ್ ಲ್ಯಾಂಟರ್ನಿನ ಮಾಲೀಕನನ್ನು ಹುಡುಕಬೇಕು.

ಅವನು ಸೋಮವಾರ ಬೆಳಿಗ್ಗೆ ಅಲ್ಲಿಗೆ ಫೋನ್ ಮಾಡಿ, "ಓನರ್ ಇದ್ದಾರಾ?" ಎಂದು ಕೇಳಿದ. ಫೋನ್ ಎತ್ತಿದ ಹುಡುಗಿ ಇನ್ನೊಬ್ಬರಿಗೆ ಕೊಟ್ಟಳು, ಅವರು ಮತ್ತೊಬ್ಬರಿಗೆ. ಹನ್ನೊಂದು ಜನರ ಕೈ ದಾಟಿ ಲೈನು ತಿರುಗಿ ಅದೇ ಹುಡುಗಿಗೆ ಬರುವಷ್ಟರಲ್ಲಿ ಅವಳಿಗೆ ಬಡ್ತಿಯಾಗಿತ್ತು.

"ಸರ್, ಷೇರು ಇಟ್ಟುಕೊಂಡವರೆಲ್ಲ ಓನರ್‌ಗಳೇ," ಎಂದಳು ಅವಳು ಇಂಗ್ಲಿಷಿನಲ್ಲಿ.

"ಅವರಲ್ಲಿ ಅಲ್ಲಿಗೆ ಬಂದು ಕೂರೋರು ಯಾರು?"

ಅವಳು ಯೋಚಿಸಿದಳು. "ಯಾರೂ ಇಲ್ಲ."

ಬದರಿನಾಥ ಅವಳಿಗೆ ಧನ್ಯವಾದ ಹೇಳಿ, ಬ್ರೋಕರ್ ಮೂಲಕ ಒಂದು ಷೇರು ಕೊಂಡ. ಒಂದೇ. ಷೇರಿಗೆ ಹದಿನೇಳು ಡಾಲರ್, ಅದನ್ನು ಕಾಗದದ ಮೇಲೆ ಅಚ್ಚು ಹಾಕಿ ಕಳಿಸಲು ಇಪ್ಪತ್ತೈದು. ಕಾಗದ ಬಂದ ದಿನ ಅದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಊಟದ ಮೇಜಿನ ಮೇಲಿಟ್ಟ.

"ಇದನ್ನ ದೇವರ ಮನೇಲಿ ಇಡಬೇಕೋ, ಫ್ರಿಜ್ ಮೇಲೋ?" ಎಂದು ಶಕುಂತಲಾ ಕೇಳಿದಳು.

ಬದರಿನಾಥ ಮಗಳ ಕಡೆ ತಿರುಗಿದ. "ಸಿಲ್ವರ್ ಲ್ಯಾಂಟರ್ನ್‌ಗೇ ಹೋಗೋಣ ಪುಟ್ಟ. ಓನರ್ ಸಿಕ್ಕಿದ್ರು. ಅಲ್ಲೇ ಬಂದು ಕೂರ್ತಾರಂತೆ."

"ಯಾರು?"

"ನಾನು."

ಪ್ರಗತಿ ಕಾಗದ ಓದಿದಳು, ಅಪ್ಪನನ್ನು ನೋಡಿದಳು, ಮತ್ತೆ ಕಾಗದ ಓದಿದಳು. ಆಮೇಲೆ ಒಂದು ಷರತ್ತು ಹಾಕಿದಳು. ಅಲ್ಲಿ ತೃಪ್ತಿ ಇರುತ್ತಾಳೆ, ಮುಂದೆ ತನ್ನ ಜೊತೆ ಓದುವ ಆಸ್ಟಿನ್ನಿನವರು ಇರುತ್ತಾರೆ. ಬೆಟ್ಟ ಮುಟ್ಟಿದ ಮೇಲೆ ಅಪ್ಪ ಯಾರೋ, ತಾನು ಯಾರೋ.

"ಯು ಡೋಂಟ್ ನೋ ಮಿ. ಪ್ರಾಮಿಸ್?"

"ಪ್ರಾಮಿಸ್," ಎಂದ ಬದರಿನಾಥ. ಹೋಗುವಾಗ ಹದಿನಾಲ್ಕು ಗಂಟೆ, ಬರುವಾಗ ಹದಿನಾಲ್ಕು ಗಂಟೆ ಮುಂದಿನ ಸೀಟು ತುಂಬಿರುತ್ತದೆ. ನಡುವಿನ ಮೂರು ದಿನ ಯಾರೋ ಆಗಿರುವುದು ದುಬಾರಿಯಲ್ಲ ಎಂದು ಅವನ ಲೆಕ್ಕ.

ಡಿಸೆಂಬರ್ ಇಪ್ಪತ್ತಾರಕ್ಕೆ ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಮೂರೂ ಕಡೆಯ ನಾವು ಕನ್ನಡಿಗರು ಸಿಲ್ವರ್ ಲ್ಯಾಂಟರ್ನಿನಲ್ಲಿ ಸೇರಿದೆವು. ಬದರಿನಾಥ ಕಾರಿನಿಂದ ಇಳಿದವನೇ ಚಿಟಿಕೆ ಹಿಮ ತೆಗೆದು ಉಜ್ಜಿದ. "ಚಿರೋಟಿ," ಎಂದ. ಮಗಳು ಆಗಲೇ ನೂರು ಗಜ ದೂರದಲ್ಲಿದ್ದಳು.

ಮೊದಲ ದಿನ ಅವನು ಊಟದ ಹಾಲ್‌ನ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತ. ಎರಡನೆಯ ದಿನ ಕೂರಲಾಗಲಿಲ್ಲ. ನೆಲ ಒದ್ದೆಯಿತ್ತು, ಒರೆಸಿದ. ಟ್ರೇಗಳು ಮೇಜಿನ ಮೇಲೇ ಬಿದ್ದಿದ್ದವು, ಎತ್ತಿದ. ಮಫ್ಲರನ್ನು ಟವೆಲ್ಲಿನ ಹಾಗೆ ಹೆಗಲಿಗೆ ಹಾಕಿಕೊಂಡು ಮೇಜಿನಿಂದ ಮೇಜಿಗೆ ಹೋಗಿ, "ಸ್ನೋ ಹೇಗಿದೆ? ಇನ್ನೇನಾದರೂ ಬೇಕಾ?" ಎಂದು ಇಂಗ್ಲಿಷಿನಲ್ಲಿ ವಿಚಾರಿಸತೊಡಗಿದ. ಆ ಬೆಟ್ಟದಲ್ಲಿ ಯಾರೂ ಯಾರನ್ನೂ ಹಾಗೆ ಕೇಳಿದ್ದಿಲ್ಲ. ಒಬ್ಬ ಅಜ್ಜಿ ತನ್ನ ಮಂಡಿನೋವು ಹೇಳಿಕೊಂಡಳು. ಒಕ್ಲಹೋಮಾದ ಒಬ್ಬ ರೈತ ಅಳಿಯನ ಮೇಲೆ ದೂರು ಕೊಟ್ಟ. ಬದರಿನಾಥ ಇಬ್ಬರಿಗೂ "ವಿಚಾರಿಸ್ತೀನಿ" ಎಂದ.

ಮೂರನೆಯ ದಿನ ಮಧ್ಯಾಹ್ನ ಅವನು ಸೂಪಿನ ಪಾತ್ರೆ ಮುಟ್ಟಿ ನೋಡಿದ. ಬಿಸಿ ಇರಲಿಲ್ಲ. ಬಡಿಸುವ ಹುಡುಗನ ಕೈಯಿಂದ ಸೌಟು ತೆಗೆದುಕೊಂಡು, "ಇದನ್ನ ಒಳಗೆ ತಗೊಂಡು ಹೋಗಿ ಕುದಿಸಿಕೊಂಡು ಬಾ, ಅಲ್ಲೀವರೆಗೂ ಯಾರಿಗೂ ಹಾಕಲ್ಲ," ಎಂದ. ಹುಡುಗ ಪಾತ್ರೆಯನ್ನು ಅಲ್ಲೇ ಬಿಟ್ಟು ಸೆಕ್ಯುರಿಟಿಯನ್ನು ಕರೆಯಲು ಹೋದ. ಸಾಲು ನಿಂತಿತು. ಐದು ನಿಮಿಷಕ್ಕೆ ಸಾಲು ಬಾಗಿಲು ದಾಟಿತು, ಹತ್ತು ನಿಮಿಷಕ್ಕೆ ಪಕ್ಕದ ಜಿಲ್ಲೆ ತಲುಪಿತು. ಆಗ ಸೆಕ್ಯುರಿಟಿಯವನು ಬಂದ. ಬಾಗಿಲಲ್ಲಿ ಪಕ್ಕಕ್ಕೆ ವಾಲಿ ಒಳಬರಬೇಕಾದಷ್ಟು ದೊಡ್ಡ ಆಳು, ಬಹಳ ಮರ್ಯಾದಸ್ಥ.

"ಸರ್, ನೀವು ಇಲ್ಲಿ ಕೆಲಸ ಮಾಡ್ತೀರಾ?"

"ಇಲ್ಲ. ನಾನು ಓನರ್." ಬದರಿನಾಥ ಎದೆಯ ಜೇಬಿನಿಂದ ಪ್ಲಾಸ್ಟಿಕ್ ಕವರ್ ತೆಗೆದು ಕೊಟ್ಟ.

ಆತ ಕಾಗದವನ್ನು ಓದಿದ. "ಇದು ಒಂದು ಷೇರು, ಸರ್."

"ಹೌದು. ಉಳಿದವರು ಬಂದಿಲ್ಲ."

ಆತ ನಿಟ್ಟುಸಿರು ಬಿಟ್ಟು ಊಟಕ್ಕೆ ಕೂತವರ ಕಡೆ ತಿರುಗಿದ. "ಇವರನ್ನು ಬಲ್ಲವರು ಇಲ್ಲಿ ಯಾರಾದರೂ ಇದ್ದೀರಾ?"

ಅಲ್ಲಿ ನಾವು ನಲವತ್ತು ಕನ್ನಡಿಗರಿದ್ದೆವು. ಎಲ್ಲರೂ ಕಿಟಕಿಯಾಚೆ ಹಿಮ ನೋಡುತ್ತಿದ್ದೆವು. ಲಕ್ಷ್ಮೀನಾರಾಯಣ ಖಾಲಿ ಕಪ್ಪಿನೊಳಗೆ ಏನನ್ನೋ ಹುಡುಕುತ್ತಿದ್ದ. ಶಕುಂತಲಾ ಅಲ್ಲಿರಲಿಲ್ಲ, ಪುಳಿಯೋಗರೆ ಡಬ್ಬದ ಜೊತೆ ಕಾರಿನಲ್ಲಿದ್ದಳು.

ಆ ಹೊತ್ತಿಗೆ ಸ್ಕೀ ಹೊತ್ತ ಮಕ್ಕಳ ಗುಂಪು ಒಳಗೆ ಬಂತು. ಮುಂದೆ ಪ್ರಗತಿ, ಪಕ್ಕದಲ್ಲಿ ತೃಪ್ತಿ, ಹಿಂದೆ ಆಸ್ಟಿನ್ನಿನ ನಾಲ್ವರು. ಸೌಟು ಹಿಡಿದ ಅಪ್ಪನನ್ನೂ ಸೆಕ್ಯುರಿಟಿಯವನನ್ನೂ ಕಂಡು ಅವಳು ನಿಂತುಬಿಟ್ಟಳು. ಆತ ಅದನ್ನು ಗಮನಿಸಿದ.

"ಮಿಸ್, ಇವರು ನಿಮಗೆ ಗೊತ್ತಾ?"

ಪ್ರಗತಿ ಬಾಯಿ ತೆರೆಯುವ ಮೊದಲೇ ಬದರಿನಾಥ ಹೇಳಿದ, "ಇಲ್ಲ ಇಲ್ಲ. ಆ ಹುಡುಗಿಗೆ ನಾನು ಗೊತ್ತಿಲ್ಲ. ನನಗೂ ಅವಳು ಗೊತ್ತಿಲ್ಲ."

ಮಾತು ಕೊಟ್ಟಿದ್ದನಲ್ಲ. ಹಾಗೆ ಹೇಳುವಾಗ ಅವನು ಸೌಟನ್ನು ನೋಡುತ್ತಿದ್ದ.

ಪ್ರಗತಿ ತೃಪ್ತಿಯನ್ನು ನೋಡಲಿಲ್ಲ, ಆಸ್ಟಿನ್ನಿನವರನ್ನೂ ನೋಡಲಿಲ್ಲ. ಪಾತ್ರೆಯ ಹತ್ತಿರ ಬಂದು ಒಂದು ಬೆರಳಿನಿಂದ ಅದನ್ನು ಮುಟ್ಟಿದಳು.

"ಇಟ್ ಈಸ್ ಕೋಲ್ಡ್," ಎಂದಳು. ಆಮೇಲೆ, "ಹಿ ಈಸ್ ದ ಓನರ್."

"ನೀವು ಯಾರು, ಮಿಸ್?"

"ಓನರ್ ಮಗಳು."

ಇದನ್ನು ಅವಳು ಕನ್ನಡದಲ್ಲೇ ಹೇಳಿದಳು. ಸೆಕ್ಯುರಿಟಿಯವನಿಗೆ ಅರ್ಥವಾಗಿರಲಾರದು. ಆದರೂ ಅವನು ಟೋಪಿ ಮುಟ್ಟಿ, ಪಾತ್ರೆ ಎತ್ತಿಕೊಂಡು ತಾನೇ ಅಡುಗೆಮನೆಗೆ ಹೋದ. ಸೂಪ್ ಎಷ್ಟು ಬಿಸಿಯಾಗಿ ಬಂತೆಂದರೆ, ಅದರ ಹಬೆಗೆ ಹತ್ತಿರದ ಇಳಿಜಾರಿನ ಹಿಮ ಒಂದು ಗೇಣು ಕರಗಿತು. ಲಕ್ಷ್ಮೀನಾರಾಯಣ ಎರಡು ಬಟ್ಟಲು ಕುಡಿದ.

ಹಿಂದಿರುಗುವಾಗ ಟೆಕ್ಸಸ್ಸಿನ ಅಮರಿಲೋ ಊರು ದಾಟುವ ತನಕ ಪ್ರಗತಿ ಮುಂದಿನ ಸೀಟಿನಲ್ಲಿ ಭೂಪಟ ಹಿಡಿದು ದಾರಿ ಹೇಳಿದಳು. ಆಮೇಲೆ ಅದರ ಹಿಂಬದಿಯಲ್ಲಿ ಏನೋ ಬರೆಯತೊಡಗಿದಳು.

"ಏನದು?" ಎಂದ ಬದರಿನಾಥ.

"ಕಂಪ್ಲೇಂಟ್ಸ್. ಸಿಕ್ಸ್ತ್ ಲಿಫ್ಟ್ ತುಂಬಾ ಸ್ಲೋ. ಬಾತ್‌ರೂಮ್‌ನಲ್ಲಿ ಕನ್ನಡಿ ಒಡೆದಿದೆ. ಟಿಕೆಟ್ ಟೂ ಎಕ್ಸ್‌ಪೆನ್ಸಿವ್." ಪಟ್ಟಿ ಡಲ್ಲಾಸಿನವರೆಗೂ ಮುಗಿಯಲಿಲ್ಲ.

"ವಿಚಾರಿಸ್ತೀನಿ," ಎಂದ ಓನರ್.