ಹದಿನಾರು ಗಂಟೆಯ ಸುತ್ತೋಲೆ

ಅವರ ನಿಜವಾದ ಹೆಸರು ಅಂಗಡಿಯ ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಫೋನಿನ ಆಚೆಯ ಮನೆಗಳಿಗೆಲ್ಲ ಅವರು ಬಿಲ್ಲಕ್ಕ. ರೋಗಿಗಳ ಮನೆಗೆ ಮಂಚ, ಗಾಲಿಕುರ್ಚಿ, ಆಕ್ಸಿಜನ್ ಮಷೀನು ಕಳಿಸುವ ಅಂಗಡಿಯ ಹಿಂಭಾಗದಲ್ಲಿ ಇಪ್ಪತ್ತೆರಡು ವರ್ಷ ಬಿಲ್ಲು ಬರೆದವರಿಗೆ ಇನ್ಯಾವ ಹೆಸರು ಉಳಿದೀತು? ಯಾರೋ ಹಿಂದಿರುಗಿಸಿದ, ಒಂದು ಚಕ್ರ ಅಲುಗುವ ಗಾಲಿಕುರ್ಚಿಯೇ ಅವರ ಆಸನ. ಕೂತಲ್ಲೇ ಸಂಚಾರ ಎಂದು ತಾವೇ ನಗುತ್ತಿದ್ದರು. ಮದುವೆಯ ಗೋಜಿಗೆ ಹೋಗಲಿಲ್ಲ. ಎರಡು ಕೋಣೆಯ ಮನೆ, ಜೊತೆಗೆ ತಂಗಿ. ಆ ತಂಗಿಯ ಪ್ರಕಾರ ಅಕ್ಕನಿಗೆ ಸ್ವಂತ ಮನೆಗಿಂತ ಕಂಡವರ ಮನೆಯ ಉಸಾಬರಿಯೇ ಹೆಚ್ಚು.

ಅದೇನೂ ಸುಳ್ಳಲ್ಲ. ವಿಮೆ ಇಲಾಖೆ ಬಿಲ್ಲು ಒಪ್ಪಬೇಕಾದರೆ ರೋಗಿ ಮಷೀನನ್ನು ಬಳಸುತ್ತಿದ್ದಾನೆಂಬ ಖಾತರಿ ಬೇಕು. ಬೇರೆ ಅಂಗಡಿಯವರು ಒಂದು ಸಹಿ ಹಾಕಿಸಿಕೊಂಡು ಕೈತೊಳೆದುಕೊಳ್ಳುತ್ತಿದ್ದರು. ಬಿಲ್ಲಕ್ಕ ತಿಂಗಳಿಗೊಮ್ಮೆ ಪ್ರತಿ ಮನೆಗೂ ಫೋನು ಮಾಡಿ, "ಫೋನನ್ನ ಮಷೀನ್ ಹತ್ರ ಹಿಡೀರಿ" ಎಂದು ಅದರ ಸದ್ದನ್ನು ಕಿವಿಯಾರೆ ಕೇಳಿ, ರೋಗಿಯನ್ನೂ ಮಾತಾಡಿಸಿ, ಆಮೇಲೆ ಗುರುತು ಹಾಕುತ್ತಿದ್ದರು. ಯಾರಿಗೆ ಎಷ್ಟು ಮಾತಿಗೊಮ್ಮೆ ಉಸಿರು ಸಾಲದಾಗುತ್ತದೆ ಎಂಬುದು ಡಾಕ್ಟರಿಗಿಂತ ಮೊದಲು ಅವರಿಗೆ ತಿಳಿಯುತ್ತಿತ್ತು.

ಇಲಾಖೆಯ ಸುತ್ತೋಲೆಗಳು ಅವರಿಗೆ ಹೊಸವಲ್ಲ. ಹಿಂದಿನದರ ತಪ್ಪು ತಿದ್ದಲು ಒಂದು, ಅದರ ತಪ್ಪು ತಿದ್ದಲು ಇನ್ನೊಂದು. ಬರೆಯುವ ಮಹಾನುಭಾವರು ಒಂದೇ ಒಂದು ದಿನ ಮೂಗಿಗೆ ಪೈಪು ಸಿಕ್ಕಿಸಿಕೊಂಡು ಕೂತಿದ್ದರೆ ಅರ್ಧ ಕಾಗದ ಉಳಿಯುತ್ತಿತ್ತು. ಈ ಸಲ ಬಂದದ್ದು ಬರೀ ಏಳು ಸಾಲು. ಅಷ್ಟು ಚಿಕ್ಕದಾಗಿದ್ದಕ್ಕೇ ಬಿಲ್ಲಕ್ಕನಿಗೆ ಅನುಮಾನ ಬಂತು. ಇನ್ನು ಮುಂದೆ ಸಹಿ, ಫೋನು ಯಾವುದೂ ನಡೆಯುವುದಿಲ್ಲ. ಮಷೀನಿನ ಗಂಟೆ ಮೀಟರು ದಿನಕ್ಕೆ ಸರಾಸರಿ ಹದಿನಾರು ಗಂಟೆ ತೋರಿಸಬೇಕು. ತಿಂಗಳ ಕೊನೆಯ ದಿನ ಮೀಟರು ಓದುತ್ತಾರೆ. ಕಡಿಮೆಯಿದ್ದರೆ ಬಿಲ್ಲು ತಿರಸ್ಕಾರ, ಮಷೀನು ವಾಪಸ್ಸು.

ಅವರಿಗೆ ಮೊದಲು ನೆನಪಾದದ್ದು ಪ್ರೆಸ್ಸಿನ ತಾತ. ನಲವತ್ತು ವರ್ಷ ಅಚ್ಚಿನ ಮೊಳೆ ಜೋಡಿಸಿದ ಮನುಷ್ಯ. ಶ್ವಾಸಕೋಶ ಕೈಕೊಟ್ಟರೂ ನಾಲಿಗೆ ಕೈಕೊಟ್ಟಿರಲಿಲ್ಲ. ಬಿಲ್ಲಿನಲ್ಲಿ ಕಾಗುಣಿತ ತಪ್ಪಿದೆಯೆಂದು ತಿಂಗಳು ತಿಂಗಳೂ ಕಾಲೆಳೆಯುತ್ತಿದ್ದರು. ಹಠಮಾರಿ ಬೇರೆ. ಊಟಕ್ಕೆ, ಸ್ನಾನಕ್ಕೆ, ಕಿಟಕಿ ಬಳಿ ಪೇಪರು ಓದಲಿಕ್ಕೆ ಪೈಪು ಕಿತ್ತಿಟ್ಟು ಮಷೀನು ಆರಿಸುವರು. ಅವರ ಮೀಟರು ಹನ್ನೊಂದು ಗಂಟೆ ದಾಟುತ್ತಿರಲಿಲ್ಲ. ಹಾಗಂತ ಮಷೀನು ಕಿತ್ತುಕೊಂಡರೆ ಅವರು ಒಂದು ವಾರ ತಳ್ಳುವುದೂ ಕಷ್ಟ ಎಂದು ಡಾಕ್ಟರು ಬರೆದಿದ್ದರು.

ಬಿಲ್ಲಕ್ಕ ತಾತನ ಹೆಂಡತಿಗೆ ಫೋನು ಮಾಡಿದರು. "ಅಮ್ಮಾ, ಹೀಗೇ ಆದ್ರೆ ತಿಂಗಳ ಕೊನೇಲಿ ಮಷೀನ್ ವಾಪಸ್ ತಗೊಂಡು ಹೋಗ್ತಾರೆ."

"ಅಯ್ಯೋ, ಇವರು ನನ್ನ ಮಾತು ಎಲ್ಲಿ ಕೇಳ್ತಾರೆ! ಮೂಗು ಉರಿಯುತ್ತೆ ಅಂತ ಕಿತ್ತಿಡ್ತಾರೆ. ಏನಾದ್ರೂ ದಾರಿ ಹೇಳಿ ಬಿಲ್ಲಕ್ಕ, ನಿಮ್ಮ ದಮ್ಮಯ್ಯ."

ಇಪ್ಪತ್ತೆರಡು ವರ್ಷದಲ್ಲಿ ಒಂದೂ ಸುಳ್ಳು ಗುರುತು ಹಾಕದವರು ಸುತ್ತೋಲೆಯ ಏಳು ಸಾಲನ್ನು ಮತ್ತೊಮ್ಮೆ ಓದಿದರು. ಮೀಟರು ಎಣಿಸುವುದು ಮಷೀನು ಓಡಿದ ಹೊತ್ತನ್ನು. ಪೈಪು ಯಾರ ಮೂಗಿನಲ್ಲಿದೆ ಅಂತ ಅದಕ್ಕೇನು ಗೊತ್ತು?

"ಅವರು ಪೈಪ್ ತೆಗೆದ್ರೆ ತೆಗೀಲಿ," ಎಂದರು. "ನೀವು ಮಷೀನ್ ಮಾತ್ರ ಆರಿಸ್ಬೇಡಿ. ತಿಂಗಳು ಮುಗಿಯೋವರೆಗೂ ಒಂದು ನಿಮಿಷಾನೂ ಆರಿಸ್ಬೇಡಿ."

ಹೇಳಿದ ಮೇಲೆ ಮನಸ್ಸು ಹಗುರಾಯಿತು. ಒಬ್ಬರಿಗೆ ಹೇಳಿ ಉಳಿದವರನ್ನು ಬಿಡುವುದು ಯಾವ ನ್ಯಾಯ? ಸಂಜೆಯೊಳಗೆ ಮೀಟರು ಕಡಿಮೆಯಿದ್ದ ಮೂವತ್ತೇಳು ಮನೆಗಳಿಗೂ ಅದೇ ಮಾತು ಮುಟ್ಟಿತು. ಎಲ್ಲರೂ ಹೊಟ್ಟೆ ತಣ್ಣಗಿರಲಿ ಎಂದು ಹರಸಿದರು. ಮೀಟರೇ ಎಲ್ಲ ಹೇಳುವಾಗ ಇನ್ನು ಫೋನಿನ ಖರ್ಚೇಕೆ ಎಂದರು ಅಂಗಡಿಯ ಯಜಮಾನರು. ಬಿಲ್ಲಕ್ಕನಿಗೂ ಅದು ಸರಿಯೆನಿಸಿ, ಆ ತಿಂಗಳು ಮತ್ತೆ ಯಾರ ದನಿಯನ್ನೂ ಕೇಳಲಿಲ್ಲ.

ಇಪ್ಪತ್ತೇಳನೆಯ ತಾರೀಕು ಬೆಳಿಗ್ಗೆ ಅಂಗಡಿಯ ರಿಪೇರಿಯವನು ಬಂದು ಬಾಗಿಲಲ್ಲೇ ನಿಂತ. "ಅಕ್ಕ, ನಾಲ್ಕು ಮನೆಗೆ ಹೋಗಿದ್ದೆ. ಎಲ್ಲೂ ಮಷೀನ್ ಮುಟ್ಟಕ್ಕಾಗಲ್ಲ, ಅಷ್ಟು ಬಿಸಿ. ಫಿಲ್ಟರ್ ಧೂಳು ಹಿಡಿದು ಕಂಬಳಿ ಆಗಿದೆ. ವಾರಕ್ಕೊಂದ್ಸಲ ಆರಿಸಿ ತೊಳೀರಿ ಅಂತ ಎಷ್ಟು ಸಲ ಬಡ್ಕೊಂಡಿದೀನಿ! ಕೇಳಿದ್ರೆ, ಆರಿಸೋ ಹಾಗೇ ಇಲ್ಲವಂತೆ. ಯಾರೋ ಹೇಳಿದಾರಂತೆ."

ಬಿಲ್ಲಕ್ಕನ ಕೈಲಿದ್ದ ಪೆನ್ನು ನಿಂತಿತು. "ಫಿಲ್ಟರ್ ಕಟ್ಕೊಂಡ್ರೆ ಏನಾಗುತ್ತೆ?"

"ಓಡ್ತಾನೇ ಇರುತ್ತೆ. ಸದ್ದೂ ಬರುತ್ತೆ, ಗಾಳೀನೂ ಬರುತ್ತೆ. ಆಕ್ಸಿಜನ್ ಮಾತ್ರ ಕಡಿಮೆ ಆಗ್ತಾ ಆಗ್ತಾ ಕೊನೆಗೆ ಬರೀ ಗಾಳಿ. ಹಳದಿ ದೀಪ ಹತ್ಕೊಳ್ಳುತ್ತೆ."

ಪ್ರೆಸ್ಸಿನ ತಾತನ ಹೆಂಡತಿ ಮೊದಲ ರಿಂಗಿಗೇ ಎತ್ತಿದರು. ದನಿ ಲವಲವಿಕೆಯಿಂದಿತ್ತು. "ಹಳದಿ ದೀಪಾನಾ? ಹೂಂ, ನಾಲ್ಕು ದಿನದಿಂದ ಉರೀತಿದೆ. ಪೀಂ ಪೀಂ ಅಂತಿತ್ತು, ಟವಲ್ ಹೊದಿಸ್ದೆ. ಆದ್ರೆ ಇವರ ಗಲಾಟೆನೇ ನಿಂತೋಗಿದೆ ಬಿಲ್ಲಕ್ಕ! ಪೈಪ್ ಕೀಳೋದೇ ಇಲ್ಲ. ಪೇಪರೂ ಕೇಳಲ್ಲ. ದಿನವಿಡೀ ನಿದ್ದೆ."

ಬಿಲ್ಲಕ್ಕ ಕುರ್ಚಿಯಿಂದೆದ್ದು ಕೂಗಿದರು. "ಅಮ್ಮಾ, ಈಗಲೇ ಮಷೀನ್ ಆರಿಸಿ! ಕರೆಂಟ್ ಹೋದಾಗ ಇರಲಿ ಅಂತ ಕೊಟ್ಟಿದ್ವಲ್ಲ, ಮೂಲೇಲಿರೋ ಆ ಸಿಲಿಂಡರಿಗೆ ಪೈಪ್ ಹಾಕಿ!"

ಆ ಕಡೆಯ ದನಿ ತಗ್ಗಿತು. "ಪಕ್ಕದಲ್ಲಿ ಇಲಾಖೆಯವರು ಕೂತಿದ್ದಾರಾ? ಪರೀಕ್ಷೆ ಮಾಡ್ತಿದ್ದೀರಾ ನನ್ನ? ಇನ್ನು ನಾಲ್ಕೇ ದಿನ. ನಾನು ಆರಿಸಲ್ಲ."

ಫೋನು ಕಟ್ಟಾಯಿತು. ಮತ್ತೆ ಮಾಡಿದರೆ ಎತ್ತಲಿಲ್ಲ. ಆಂಬುಲೆನ್ಸಿಗೆ ವಿಳಾಸ ಹೇಳಿ ಬಿಲ್ಲಕ್ಕ, ರಿಪೇರಿಯವನು ಇಬ್ಬರೂ ಅಂಗಡಿಯ ವ್ಯಾನು ಹತ್ತಿದರು.

ಕಿಟಕಿ ಮುಚ್ಚಿದ ಕೋಣೆ ಒಲೆಯಂತೆ ಕಾದಿತ್ತು. ಮಷೀನು ಟವಲ್ ಹೊದ್ದು ಗುರುಗುಡುತ್ತಿತ್ತು. ತಾತನ ತುಟಿ ಶಾಯಿಯ ಬಣ್ಣಕ್ಕೆ ತಿರುಗಿತ್ತು. "ಏಳಿಸ್ಬೇಡಿ," ಎಂದು ಅಡ್ಡ ಬಂದ ಹೆಂಡತಿಯನ್ನು ಬಿಲ್ಲಕ್ಕ ತಬ್ಬಿ ಹಿಡಿದರು. ರಿಪೇರಿಯವನು ಪ್ಲಗ್ಗು ಕಿತ್ತು, ಪೈಪನ್ನು ಸಿಲಿಂಡರಿಗೆ ಹಾಕಿ ತಿರುಪು ತಿರುಗಿಸಿದ. ತಾತನ ಎದೆ ಒಮ್ಮೆ ಎದ್ದಿತು, ಬಹಳ ಹೊತ್ತಿನ ಮೇಲೆ ಇನ್ನೊಮ್ಮೆ. ಕಣ್ಣು ಬಿಡಲಿಲ್ಲ.

ಆಂಬುಲೆನ್ಸಿನವರು ಅವರನ್ನು ಹೊತ್ತೊಯ್ದರು. ಹೆಂಡತಿ ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿದರು. "ಆರಿಸಿಬಿಟ್ರಲ್ಲ ಬಿಲ್ಲಕ್ಕ. ಇವರು ವಾಪಸ್ ಬರೋ ಹೊತ್ತಿಗೆ ಮಷೀನ್ ಇರುತ್ತೆ ತಾನೇ?"

ತಪ್ಪು ತನ್ನದೆಂದು ಬಿಲ್ಲಕ್ಕ ಹೇಳುವಷ್ಟರಲ್ಲಿ ಗಾಡಿಯ ಬಾಗಿಲು ಮುಚ್ಚಿತು.

ರಿಪೇರಿಯವನು ವ್ಯಾನು ತಿರುಗಿಸುತ್ತಿದ್ದ. ಇನ್ನೂ ಮೂವತ್ತಾರು ಮನೆ. ಬಿಲ್ಲಕ್ಕ ಹೊಸಿಲ ಮೇಲೆ ಕೂತು ಪಟ್ಟಿ ತೆಗೆದರು. ಮೊದಲನೆಯ ಮನೆಯಲ್ಲಿ ರಿಂಗಾಗಿ ರಿಂಗಾಗಿ ನಿಂತಿತು. ಎರಡನೆಯದರಲ್ಲಿ ಹೆಣ್ಣು ದನಿಯೊಂದು, ಕೇಳುವ ಮೊದಲೇ, ಹೆಮ್ಮೆಯಿಂದ ಹೇಳಿತು:

"ಒಂದು ನಿಮಿಷಾನೂ ಆರಿಸಿಲ್ಲ ಬಿಲ್ಲಕ್ಕ, ನೀವು ಹೇಳಿದ ಹಾಗೇ."