ನಾಲ್ಕು ಬೆರಳು ತೆರೆದ ಬಾಗಿಲು
ನಮ್ಮ ಅತ್ತಿಗೆ ಕಾಲೇಜಿನಲ್ಲಿ ಗಣಿತ ಕಲಿಸುತ್ತಾಳೆ. ಅವಕಲ ಸಮೀಕರಣ, ಅಂದರೆ ಡಿಫರೆನ್ಷಿಯಲ್ ಈಕ್ವೇಷನ್, ಕೆಟ್ಟು ನಿಲ್ಲುವ ಬಿಂದುವಿನ ತೀರಾ ಹತ್ತಿರ ಅದರ ಉತ್ತರ ಹೇಗೆ ವರ್ತಿಸುತ್ತದೆ ಎಂಬುದೇ ಹತ್ತು ವರ್ಷದಿಂದ ಅವಳ ಸಂಶೋಧನೆ. "ಬಿಂದುವಿನಲ್ಲಿ ಏನಾಗುತ್ತೆ ಅಂತ ಕೇಳಬೇಡಿ, ಹತ್ತಿರ ಹೋಗ್ತಾ ಹೋಗ್ತಾ ನೋಡಿ" ಎನ್ನುವುದು ಅವಳ ನಿತ್ಯದ ಮಾತು. ಮನೆಯಲ್ಲೂ ಹಾಗೆಯೇ: ಹಾಲು ಉಕ್ಕುವ ಗಳಿಗೆಗೆ ಮೊದಲೇ ಒಲೆ ಆರಿರುತ್ತದೆ, ಅಣ್ಣ "ನನ್ನ ಕಾಲುಚೀಲ..." ಎಂದು ಬಾಯಿ ತೆರೆಯುವಷ್ಟರಲ್ಲಿ ಕಾಲುಚೀಲ ಹಾರಿ ಬಂದು ಮಡಿಲಿಗೆ ಬೀಳುತ್ತದೆ, ಅಮ್ಮನ ದನಿ ಏರುವ ಮುನ್ನ ಮಾತ್ರೆ, ನೀರು ಎದುರಿಗಿರುತ್ತವೆ. ಅವಳ ಕೋಣೆಯ ಬಾಗಿಲು ಮಾತ್ರ ಮುಚ್ಚುವ ಹತ್ತಿರ ಹೋಗಿ, ನಾಲ್ಕು ಬೆರಳಷ್ಟು ಸಂದು ಉಳಿಸಿಕೊಂಡು ನಿಲ್ಲುತ್ತದೆ. ಯಾರಾದರೂ ಕರೆದರೆ ಕೇಳಿಸಬೇಕಲ್ಲ! ಮೂರು ಸಲ ಮುಂದೂಡಿದ ಪ್ರಬಂಧವನ್ನು ಒಪ್ಪಿಸಲು ಇನ್ನೆರಡೇ ದಿನ ಉಳಿದಿದ್ದ ಭಾನುವಾರ, ಅಣ್ಣ ಅಡುಗೆಮನೆಯಿಂದ "ಲೇ, ಸಕ್ಕರೆ ಡಬ್ಬಿ ಎಲ್ಲೇ?" ಎಂದು ಕೂಗಿದ. ಕೋಣೆಯೊಳಗೆ ಕುರ್ಚಿ ಸರಿದ ಸದ್ದಾಯಿತು. ಸೊಸೆಯ ಲೆಕ್ಕದಲ್ಲಿ ಒಂದಕ್ಷರವೂ ತಿಳಿಯದ ಅಮ್ಮ ಕೋಲೂರಿಕೊಂಡು ಎದ್ದುಹೋಗಿ, "ನೀನು ಕೂತ್ಕೊಳ್ಳೇ ತಾಯಿ" ಎಂದು ಆ ನಾಲ್ಕು ಬೆರಳನ್ನೂ ಮುಚ್ಚಿ, ಬಾಗಿಲಿಗೆ ಬೆನ್ನು ಕೊಟ್ಟು ಸ್ಟೂಲಿನ ಮೇಲೆ ಕೂತಳು. "ಡಬ್ಬಿ ಎಲ್ಲಿದೆ ಅಂತ ಕೇಳಬೇಡ ಕಣೋ," ಎಂದಳು ಮಗನಿಗೆ, "ಹತ್ತಿರ ಹೋಗ್ತಾ ಹೋಗ್ತಾ ನೋಡು."